ಪ್ರಮಾಣಕವೇ ತಪ್ಪು ತೋರಿಸಿದಾಗ: ತೋಟದ ಮಣ್ಣನ್ನು ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಅಳೆಯುವವರಿಗೆ ದೋಷ ನಿವಾರಣೆ ಕೈಪಿಡಿ

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗ ತಡೆಯಲು ಪ್ರತಿ ಮಳೆಗಾಲವೂ ಬೋರ್ಡೋ ದ್ರಾವಣ ಬಿಡುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಗೊನೆಯಿಂದ ತೊಟ್ಟಿಕ್ಕಿದ ತಾಮ್ರ ಕೊಳೆತು ಹೋಗುವ ವಸ್ತುವಲ್ಲವಾದ್ದರಿಂದ ತಲೆಮಾರುಗಳಿಂದ ಮದ್ದು ಕಂಡ ತೋಟದ ಮೇಲ್ಮಣ್ಣಿನಲ್ಲಿ ಅದು ಸೇರುತ್ತಲೇ ಹೋಗುತ್ತದೆ. ಎಷ್ಟು ಸೇರಿದೆ ಎಂದು ತೋಟದಲ್ಲಿಯೇ ನಿಂತು ತಿಳಿಯಲು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ (ಎಕ್ಸ್-ರೇ ಫ್ಲೋರೆಸೆನ್ಸ್) ಯಂತ್ರ ಬಹಳ ಅನುಕೂಲ. ಕ್ಷ-ಕಿರಣ ತಾಗಿದ ಮಣ್ಣು ತನ್ನೊಳಗಿನ ಒಂದೊಂದು ಧಾತುವಿಗೂ ವಿಶಿಷ್ಟವಾದ ಕಿರಣವನ್ನು ಮರಳಿ ಸೂಸುತ್ತದೆ, ಯಂತ್ರ ಅದನ್ನು ಎಣಿಸಿ ಒಂದೆರಡು ನಿಮಿಷದಲ್ಲಿ ಸಂಖ್ಯೆ ಕೊಡುತ್ತದೆ. ತೊಡಕೇನೆಂದರೆ, ಯಂತ್ರ ಸರಿಯಿದ್ದರೂ ಕೆಟ್ಟಿದ್ದರೂ ಪರದೆಯ ಮೇಲೆ ಸಂಖ್ಯೆಯಂತೂ ಬಂದೇ ಬರುತ್ತದೆ. ಆ ಸಂಖ್ಯೆಯನ್ನು ನಂಬಬಹುದೇ ಎಂದು ಹೇಳಬಲ್ಲುದು ಮೊದಲೇ ಬೆಲೆ (ಯಾವ ಧಾತು ಎಷ್ಟಿದೆ ಎಂಬ ಸಂಖ್ಯೆ) ಗೊತ್ತಿರುವ ಪ್ರಮಾಣಕ ಮಾದರಿ, ಅಂದರೆ ನಾವು ದಿನನಿತ್ಯ ಸ್ಟ್ಯಾಂಡರ್ಡ್ ಎಂದು ಕರೆಯುವ ಪುಡಿ.

ಪುಡಿ ತುಂಬಿದ ಮೂರು ಬಗೆಯ ಕಪ್‌ಗಳು ಕೈಯಲ್ಲಿವೆ ಎಂದು ಭಾವಿಸಿ ಮುಂದಿನದನ್ನು ಬರೆದಿದ್ದೇನೆ. ಮೊದಲನೆಯದು ಸರ್ಟಿಫಿಕೇಟ್ ಇರುವ ಮಣ್ಣಿನ ಪ್ರಮಾಣಕ. ಅಮೆರಿಕದ ಮಾನದಂಡ ಸಂಸ್ಥೆಯಾದ ನಿಸ್ಟ್‌ನ 2711ಎ ಇದಕ್ಕೆ ಒಳ್ಳೆಯ ಉದಾಹರಣೆ, ಅದರಲ್ಲಿ ತಾಮ್ರ ಕಿಲೋಗೆ 140 ಮಿಲಿಗ್ರಾಂ, ಸೀಸ 1400 ಮಿಲಿಗ್ರಾಂ. ಅದೇ ಸಂಸ್ಥೆಯ 2709ಎಯಲ್ಲಿ ತಾಮ್ರ 33.9 ಮಾತ್ರ, 2710ಎಯಲ್ಲಿ 3420. ಎರಡನೆಯದು ಶುದ್ಧ ಸಿಲಿಕಾ ಪುಡಿಯ ಖಾಲಿ ಮಾದರಿ. ಮೂರನೆಯದು ನಮ್ಮದೇ ಊರಿನ ಕೆಂಪು ಮಣ್ಣಿನಿಂದ ಮಾಡಿಕೊಂಡ ಮನೆ ಪ್ರಮಾಣಕ. ಮೂರನೆಯದಿಲ್ಲದೆ ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ಕಾರಣ ಮುಂದೆ ಬರುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 6200ನೇ ವಿಧಾನದ ಪ್ರಕಾರ ಪ್ರಮಾಣಕದ ರೀಡಿಂಗ್ ಸರ್ಟಿಫಿಕೇಟಿನ ಬೆಲೆಯಿಂದ ಶೇ. 20ರೊಳಗೆ ಇರಬೇಕು. 2711ಎಯ ತಾಮ್ರಕ್ಕೆ ಈ ಲೆಕ್ಕದಲ್ಲಿ 112ರಿಂದ 168ರ ತನಕ ಅವಕಾಶವಿದೆ. ಈ ಗಡಿ ದಾಟಿದ ಕೂಡಲೇ ಕ್ಯಾಲಿಬ್ರೇಶನ್ ಗುಣಕವನ್ನು ತಿದ್ದಲು ಹೊರಡಬೇಡಿ. ದೋಷ ಎಲ್ಲಿದೆ ಎಂದು ತಿಳಿಯುವ ಮೊದಲು ಗುಣಕ ತಿದ್ದಿದರೆ ಕಿರಣ ಹಾದುಹೋಗುವ ಯಂತ್ರದ ಕಿಟಕಿಯ ಕೊಳೆಯೂ ಲೆಕ್ಕದೊಳಗೆ ಸೇರಿಹೋಗುತ್ತದೆ, ಕೊಳೆ ತೆಗೆದ ದಿನ ಎಲ್ಲ ರೀಡಿಂಗ್‌ಗಳೂ ಇನ್ನೊಂದು ದಿಕ್ಕಿಗೆ ತಪ್ಪುತ್ತವೆ.

ಯಂತ್ರ ಮುಟ್ಟುವ ಮೊದಲು

ಟ್ರಿಗರ್ ಒತ್ತಿದಾಗ ಯಂತ್ರದ ಮೂತಿಯಿಂದ ನಿಜವಾದ ಕ್ಷ-ಕಿರಣ ಹೊರಡುತ್ತದೆ. ಪ್ರಮಾಣಕದ ಕಪ್ ಅನ್ನು ಬೆರಳಲ್ಲಿ ಹಿಡಿದು ಎಂದಿಗೂ ಅಳೆಯಬಾರದು, ಮಡಿಲಲ್ಲಿಯೂ ಇಟ್ಟುಕೊಳ್ಳಬಾರದು. ಕಪ್ ಇಡಲು ಮುಚ್ಚಳವಿರುವ ಸ್ಟ್ಯಾಂಡ್ ಬಳಸಿ. ಮಾದರಿ ಎದುರಿಗಿಲ್ಲದಾಗ ಕಿರಣವನ್ನು ತಡೆಯುವ ಸಂವೇದಕಕ್ಕೆ ಟೇಪ್ ಅಂಟಿಸಿ ಯಂತ್ರ ನಡೆಸುವುದು ಅಪರಾಧಕ್ಕೆ ಸಮಾನವಾದ ಅಜಾಗರೂಕತೆ. ನಮ್ಮ ದೇಶದಲ್ಲಿ ಈ ಯಂತ್ರಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿಗೆ ಒಳಪಟ್ಟಿರುವುದರಿಂದ ತರಬೇತಿ ಪಡೆದವರಷ್ಟೇ ಅದನ್ನು ಹಿಡಿಯಬೇಕು, ಡೋಸ್ ಅಳೆಯುವ ಬ್ಯಾಡ್ಜ್ ಮೈಮೇಲಿರಬೇಕು. ತೋಟದಲ್ಲಿ ನೆಲಕ್ಕೆ ಇಟ್ಟು ಅಳೆಯುವಾಗ ಸುತ್ತ ಕೂತು ನೋಡುವ ಮಕ್ಕಳನ್ನು ದೂರ ಕಳುಹಿಸಿದ ಮೇಲೆಯೇ ಟ್ರಿಗರ್ ಮುಟ್ಟಿ.

ಎಲ್ಲ ಧಾತುಗಳೂ ಒಟ್ಟಿಗೆ ತಗ್ಗಿವೆ

ತಾಮ್ರ, ಸತು, ಸೀಸ, ಕಬ್ಬಿಣ ಎಲ್ಲವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಡಿಮೆ ಬಂದರೆ, ಯಂತ್ರದ ಒಳಗಿನ ದೋಷಕ್ಕಿಂತ ಯಂತ್ರಕ್ಕೂ ಪುಡಿಗೂ ನಡುವಿನ ದೋಷವೇ ಇರುವ ಸಂಭವ ಹೆಚ್ಚು.

ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ. ಕಪ್‌ನ ಮೇಲಿನ ಚೀಟಿ ಓದಿ: 2709ಎ ಇಟ್ಟು 2711ಎಯ ಸರ್ಟಿಫಿಕೇಟ್ ನೋಡುತ್ತಾ ಕೂತವರನ್ನು ಕಂಡಿದ್ದೇನೆ. ಘಟಕ ನೋಡಿ: ಸರ್ಟಿಫಿಕೇಟಿನಲ್ಲಿ ಸೀಸ ಶೇಕಡಾದಲ್ಲಿ 0.140 ಎಂದಿದ್ದರೆ ಪರದೆಯ ಮೇಲಿನ 1400 ಪಿಪಿಎಂ (ಕಿಲೋಗೆ ಮಿಲಿಗ್ರಾಂ) ಕೂಡ ಅದೇ ಬೆಲೆ. ಯಂತ್ರ ಮಣ್ಣಿನ ಮೋಡ್‌ನಲ್ಲಿದೆಯೇ, ನಿನ್ನೆ ಯಾರಾದರೂ ಲೋಹದ ಮೋಡ್‌ಗೆ ಬದಲಿಸಿ ಹಾಗೆಯೇ ಬಿಟ್ಟಿದ್ದಾರೆಯೇ ಎಂದೂ ನೋಡಿ.

ಆಮೇಲೆ ಕಪ್ ಅನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ತಳದ ತೆಳು ಪ್ಲಾಸ್ಟಿಕ್ ಫಿಲ್ಮನ್ನು ಕೋಣೆಯ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಪುಡಿ ಫಿಲ್ಮಿಗೆ ಒತ್ತಿಕೊಂಡಿರುವಲ್ಲಿ ಬಣ್ಣ ಒಂದೇ ಸಮನೆ ಗಾಢವಾಗಿ ಕಾಣುತ್ತದೆ. ಪುಡಿ ಬಿಟ್ಟುಕೊಂಡಿರುವಲ್ಲಿ ಉಗುರಿನ ಬುಡದ ಅರ್ಧಚಂದ್ರದಂತಹ ಮಸುಕು ಗುರುತು ಮೂಡಿರುತ್ತದೆ. ಬದಿಯಡ್ಕದಿಂದ ಪೆರ್ಲದ ಕಡೆಗೆ ಬೈಕಿನ ಪೆಟ್ಟಿಗೆಯಲ್ಲಿ ಕಪ್ ಕುಲುಕಿಕೊಂಡು ಹೋದ ದಿನಗಳಲ್ಲಿ ಈ ಗುರುತು ನನಗೆ ಹಲವು ಬಾರಿ ಸಿಕ್ಕಿದೆ. ಪುಡಿ ಒಂದೆರಡು ಮಿಲಿಮೀಟರ್ ಹಿಂದೆ ಸರಿದರೂ ಯಂತ್ರಕ್ಕೆ ಮರಳುವ ಕಿರಣ ಕುಗ್ಗುತ್ತದೆ. ಕಪ್ ಅನ್ನು ನೇರವಾಗಿ ಹಿಡಿದು ಮೇಜಿಗೆ ಮೆಲ್ಲಗೆ ತಟ್ಟಿ, ಅಂತರ ಮುಚ್ಚಿದ ಮೇಲೆ ಮತ್ತೆ ಅಳೆಯಿರಿ. ಫಿಲ್ಮ್ ಜೋತುಬಿದ್ದಿದ್ದರೆ ಅಥವಾ ಸುಕ್ಕಾಗಿದ್ದರೆ ಬದಲಿಸಿ. ಪುಡಿಯ ಆಳ ಒಂದು ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಪುಡಿ ಸೇರಿಸಿ, ಏಕೆಂದರೆ ತವರ, ಬೇರಿಯಂಗಳಂತಹ ಭಾರದ ಧಾತುಗಳ ತೀಕ್ಷ್ಣ ಕಿರಣ ತೆಳು ಪದರವನ್ನು ದಾಟಿ ಹೋಗುತ್ತದೆ.

ಕೊನೆಗೆ ಯಂತ್ರದ ಕಿಟಕಿ. ನಮ್ಮ ಕೆಂಪು ಧೂಳು ಅಲ್ಲಿ ಎಣ್ಣೆಯಂತೆ ಅಂಟಿ ಕೂರುತ್ತದೆ. ರಬ್ಬರ್ ಬಲ್ಬಿನಿಂದ ಗಾಳಿ ಊದಿ ಧೂಳನ್ನು ತೆಗೆಯಿರಿ, ಉಜ್ಜಬೇಡಿ. ಕಿಟಕಿಯ ಫಿಲ್ಮ್ ತೂತಾಗಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಅದರ ಹಿಂದೆ ಮರಳಿದ ಕಿರಣವನ್ನು ಎಣಿಸುವ ಡಿಟೆಕ್ಟರ್‌ನ ಬಲು ತೆಳುವಾದ ಮುಖವಿದೆ, ಒಣಗಿದ ಅಡಿಕೆ ಸಿಪ್ಪೆಯ ಒಂದು ನಾರು ಚುಚ್ಚಿದರೂ ಅದು ಒಡೆಯಬಹುದು. ಕೆಲವು ಯಂತ್ರಗಳಲ್ಲಿ ಆ ಮುಖ ಬೆರಿಲಿಯಂನದು. ಒಡೆದ ಬೆರಿಲಿಯಂ ವಿಷಕಾರಿಯಾದ್ದರಿಂದ ಅದನ್ನು ಕೈಯಿಂದ ಮುಟ್ಟಲೂಬಾರದು, ಊದಲೂಬಾರದು.

ಹಗುರ ಧಾತುಗಳು ಮಾತ್ರ ಬೇರೆ ಬರುತ್ತಿವೆ

ತಾಮ್ರ, ಸೀಸ ಸರಿಯಿದ್ದು ಅಲ್ಯೂಮಿನಿಯಂ, ಸಿಲಿಕಾನ್ ಮಾತ್ರ ತಗ್ಗಿದ್ದರೆ ಕಾರಣ ಬಹುಮಟ್ಟಿಗೆ ಫಿಲ್ಮ್ ಅಥವಾ ತೇವ. ಇವುಗಳ ಕಿರಣದ ಶಕ್ತಿ 1.49 ಮತ್ತು 1.74 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್) ಅಷ್ಟೇ. ದಪ್ಪನೆಯ ಪ್ಲಾಸ್ಟಿಕ್ ಚೀಲದ ಮೂಲಕ ಅಳೆದರೆ ಅವುಗಳಲ್ಲಿ ಹೆಚ್ಚಿನ ಪಾಲು ಹೊರಗೆ ಬರುವುದೇ ಇಲ್ಲ. ಎಸಿ ಕೋಣೆಯಿಂದ ಯಂತ್ರವನ್ನು ಜೂನ್ ತಿಂಗಳ ಸೆಕೆಗೆ ತಂದ ತಕ್ಷಣ ಕಿಟಕಿಯ ಮೇಲೆ ಹಬೆ ಕೂರುತ್ತದೆ, ಅದು ಆರುವ ತನಕ ಕಾಯಿರಿ. ಕಪ್‌ನಲ್ಲಿ ಯಾವ ಜಾತಿಯ, ಎಷ್ಟು ದಪ್ಪದ ಫಿಲ್ಮ್ ಇದೆ ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಪ್ರಮಾಣಕಕ್ಕೆ ಒಂದು, ಮಾದರಿಗೆ ಇನ್ನೊಂದು ಫಿಲ್ಮ್ ಬಳಸಿದರೆ ಹೋಲಿಕೆಗೆ ಅರ್ಥವಿಲ್ಲ. ಗಾಳಿಯೂ ಈ ಕಿರಣಗಳನ್ನು ನುಂಗುವುದರಿಂದ, ಕಡಲ ತಡಿಯಲ್ಲಿ ಸರಿಯಿದ್ದ ಯಂತ್ರ ರಾಣಿಪುರದ ಬೆಟ್ಟದ ಮೇಲೆ ಅಲ್ಯೂಮಿನಿಯಂ ಅನ್ನು ತುಸು ಹೆಚ್ಚು ತೋರಿಸಬಹುದು. ಗಾಳಿಯ ಒತ್ತಡಕ್ಕೆ ಹೊಂದಿಕೊಳ್ಳುವ ಏರ್ಪಾಡು ಇರುವ ಯಂತ್ರದಲ್ಲಿ ಈ ತೊಂದರೆಯಿಲ್ಲ.

ಖಾಲಿ ಮಾದರಿಯಲ್ಲಿಯೂ ತಾಮ್ರ ಕಾಣುತ್ತಿದೆ

ಸಿಲಿಕಾ ಪುಡಿಯಲ್ಲಿ ತಾಮ್ರ ಪತ್ತೆಮಿತಿಗಿಂತ (ಯಂತ್ರ ಗುರುತಿಸಬಲ್ಲ ಕನಿಷ್ಠ ಮೊತ್ತಕ್ಕಿಂತ) ಮೇಲೆ ಬಂದರೆ ತಾಮ್ರ ಎಲ್ಲಿಂದಲೋ ಸೇರಿಕೊಳ್ಳುತ್ತಿದೆ ಎಂದರ್ಥ. ಯಂತ್ರದ ಕಿಟಕಿಯ ಧೂಳನ್ನು ಊದಿ ತೆಗೆದು, ಹೊಸ ಕಪ್‌ನಲ್ಲಿ ಹೊಸ ಸಿಲಿಕಾ ಹಾಕಿ ಅಳೆಯಿರಿ. ತಾಮ್ರ ಮಾಯವಾದರೆ ಹಳೆಯ ಕಪ್ ಕೆಟ್ಟಿದೆ. ಮಾಯವಾಗದಿದ್ದರೆ ಪುಡಿಯಿಲ್ಲದ ಕಪ್‌ಗೆ ಫಿಲ್ಮ್ ಮಾತ್ರ ಹಾಕಿ ನೋಡಿ.

ಇಲ್ಲಿ ಎರಡು ಸಂಗತಿಗಳನ್ನು ಒತ್ತಿ ಹೇಳಬೇಕು. ಮೊದಲನೆಯದು ಜರಡಿ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಜರಡಿಗಳಲ್ಲಿ ಹಲವು ಹಿತ್ತಾಳೆಯವು, ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಗಟ್ಟಿ ಮುರಕಲ್ಲಿನ ಹರಳು ಅದರ ಮೇಲೆ ಉಜ್ಜಿದಾಗ ನಾವು ಹುಡುಕುತ್ತಿರುವ ಲೋಹವನ್ನೇ ಮಾದರಿಗೆ ಬೆರೆಸುತ್ತೇವೆ. ಖಾಲಿ ಸಿಲಿಕಾವನ್ನು ಅದೇ ಜರಡಿಯಲ್ಲಿ ಆಡಿಸಿ ಅಳೆದರೆ ಸತ್ಯ ತಿಳಿಯುತ್ತದೆ. ತಾಮ್ರದೊಂದಿಗೆ ಸತುವೂ ಏರಿದ್ದರೆ ಜರಡಿಯೇ ಕಾರಣ, ನೈಲಾನ್ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಜರಡಿಗೆ ಬದಲಾಯಿಸಿ. ಎರಡನೆಯದು ಕೈ. ಮದ್ದು ಕಲಸಿದ ಕೈಯಲ್ಲಿ, ಮೈಲುತುತ್ತಿನ ಗೋಣಿ ಇಟ್ಟ ಕೊಟ್ಟಿಗೆಯಲ್ಲಿ ಕಪ್ ತುಂಬಬಾರದು.

ಒಂದೊಂದು ಸಲ ಒಂದೊಂದು ರೀಡಿಂಗ್

ಪ್ರಮಾಣಕವನ್ನು ಏಳು ಸಲ ಅಳೆದಾಗ ಹರವು (ಪ್ರಮಾಣ ವಿಚಲನ) ಸರಾಸರಿಯ ಶೇ. 20ಕ್ಕಿಂತ ಹೆಚ್ಚಿದ್ದರೆ 6200ನೇ ವಿಧಾನ ಅದನ್ನು ಒಪ್ಪುವುದಿಲ್ಲ, ಕ್ರೋಮಿಯಂಗೆ ಮಾತ್ರ ಶೇ. 30ರ ತನಕ ಬಿಡುತ್ತದೆ. ಹರವು ಎಲ್ಲಿಂದ ಬರುತ್ತಿದೆ ಎಂದು ಮೂರು ಸುತ್ತಿನಲ್ಲಿ ಬಿಡಿಸಬಹುದು. ಮೊದಲ ಸುತ್ತಿನಲ್ಲಿ ಕಪ್ ಅಲ್ಲಾಡಿಸದೆ ಏಳು ಸಲ ಅಳೆಯಿರಿ. ಎರಡನೆಯ ಸುತ್ತಿನಲ್ಲಿ ಪ್ರತಿ ಸಲವೂ ಕಪ್ ಎತ್ತಿ, ತಿರುಗಿಸಿ ಇಡಿ. ಮೂರನೆಯ ಸುತ್ತಿನಲ್ಲಿ ಪುಡಿಯನ್ನು ಹೊರಗೆ ಸುರಿದು, ಕಲಸಿ, ಮತ್ತೆ ತುಂಬಿ ಅಳೆಯಿರಿ. ಮೊದಲನೆಯದರಲ್ಲೇ ಹರವು ಜಾಸ್ತಿಯಿದ್ದರೆ ಎಣಿಕೆಯ ಕಾಲ ಸಾಲದು ಅಥವಾ ಯಂತ್ರ ಸ್ಥಿರವಾಗಿಲ್ಲ. ಎಣಿಕೆಯ ಅನಿಶ್ಚಿತತೆ ಅರ್ಧಕ್ಕೆ ಇಳಿಯಬೇಕಾದರೆ ಕಾಲ ನಾಲ್ಕು ಪಟ್ಟಾಗಬೇಕು, ಅಂದರೆ 30 ಸೆಕೆಂಡಿನ ಬದಲು 120. ಎರಡನೆಯ ಸುತ್ತಿನಲ್ಲಿ ಹರವು ಹಿಗ್ಗಿದರೆ ಫಿಲ್ಮಿನ ಉಬ್ಬುತಗ್ಗು ಅಥವಾ ಕಪ್ ಕೂರುವ ಜಾಗ ನೋಡಿ. ಮೂರನೆಯದರಲ್ಲಿ ಹಿಗ್ಗಿದರೆ ಪುಡಿ ಸಮರಸವಾಗಿಲ್ಲ. ಸರ್ಟಿಫಿಕೇಟ್ ಇರುವ ಪುಡಿಯ ಬಾಟಲಿಯಲ್ಲೂ ಕುಲುಕಾಟದಿಂದ ನಯವಾದದ್ದು ತಳಕ್ಕೆ ಇಳಿದಿರುತ್ತದೆ, ಆದ್ದರಿಂದ ತೆಗೆಯುವ ಮೊದಲು ಬಾಟಲಿಯನ್ನು ಮಲಗಿಸಿ ಉರುಳಿಸಿ ಬೆರೆಸಬೇಕು.

ರೀಡಿಂಗ್ ದಿನದಿಂದ ದಿನಕ್ಕೆ ಜಾರುತ್ತಿದೆ

ಪ್ರತಿ ರೀಡಿಂಗ್ ಕೂಡ ಶೇ. 20ರ ಗಡಿಯೊಳಗೇ ಇದ್ದು, ಒಂದೇ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತಿರುವುದು ಕಣ್ಣಿಗೆ ಬೀಳುವುದು ಗ್ರಾಫ್ ಕಾಗದದಲ್ಲಿ ಮಾತ್ರ. ಯಂತ್ರ ಸರಿಯಿದ್ದ ಕಾಲದ ಇಪ್ಪತ್ತು ರೀಡಿಂಗ್‌ಗಳ ಸರಾಸರಿಗೆ ನಡುಗೆರೆ ಎಳೆದು, ಪ್ರಮಾಣ ವಿಚಲನದ ಎರಡು ಪಟ್ಟು ದೂರದಲ್ಲಿ ಎಚ್ಚರಿಕೆಯ ಗೆರೆ, ಮೂರು ಪಟ್ಟು ದೂರದಲ್ಲಿ ನಿಲ್ಲಿಸುವ ಗೆರೆ ಹಾಕಿ. 1924ರಲ್ಲಿ ಅಮೆರಿಕದ ಎಂಜಿನಿಯರ್ ವಾಲ್ಟರ್ ಶೂಹಾರ್ಟ್ ಕಾರ್ಖಾನೆಗಾಗಿ ರೂಪಿಸಿದ ಈ ಚಿತ್ರಕ್ಕೆ ಮೀರಿದ ಸಾಧನವನ್ನು ನಾನು ಕಂಡಿಲ್ಲ. ಸತತವಾಗಿ ಏಳೆಂಟು ಬಿಂದುಗಳು ನಡುಗೆರೆಯ ಒಂದೇ ಬದಿಗೆ ಬಿದ್ದರೆ, ಒಂದೂ ಗೆರೆ ದಾಟದಿದ್ದರೂ ಹುಡುಕಾಟ ಶುರುಮಾಡಿ.

ಮೊದಲು ಯಂತ್ರವನ್ನು 15ರಿಂದ 30 ನಿಮಿಷ ಚಾಲೂ ಇಟ್ಟು ಬಿಸಿಯಾಗಲು ಬಿಡಿ. ಬಿಸಿಲಲ್ಲಿ ನಿಲ್ಲಿಸಿದ ಜೀಪಿನಿಂದ ಇಳಿಸಿದ್ದಾದರೆ ನೆರಳಿನಲ್ಲಿ ತಣಿಯಲಿ. ನಂತರ ಯಂತ್ರದೊಡನೆ ಬಂದ ಸ್ಟೀಲ್ ಬಿಲ್ಲೆಯಿಂದ ಶಕ್ತಿಯ ಪರೀಕ್ಷೆ ನಡೆಸಿ, ಸ್ಪೆಕ್ಟ್ರಮ್ (ಯಾವ ಶಕ್ತಿಯ ಕಿರಣ ಎಷ್ಟು ಬಂತೆಂಬ ಚಿತ್ರ) ತೆರೆದು ಕಬ್ಬಿಣದ ಶಿಖರ 6.40 ಕೆಇವಿಯಲ್ಲಿಯೇ ನಿಂತಿದೆಯೇ ನೋಡಿ. ಶಿಖರ ಪಕ್ಕಕ್ಕೆ ಸರಿದಿದ್ದರೆ ಅಥವಾ ಅಗಲವಾಗಿದ್ದರೆ ದೋಷ ಒಳಗಿದೆ. ಶಿಖರ ಸರಿಯಾಗಿದ್ದರೆ, ಬಹುಕಾಲದಿಂದ ತೆರೆಯದ ಇನ್ನೊಂದು ಪ್ರಮಾಣಕದ ಕಪ್ ಇಟ್ಟು ನೋಡಿ. ಅದು ಸರಿಯಾಗಿ ಬಂದರೆ ಜಾರಿದ್ದು ನಿಮ್ಮ ದಿನಬಳಕೆಯ ಕಪ್. ಮಳೆಗಾಲದ ನಾಲ್ಕು ತಿಂಗಳಲ್ಲಿ ಪುಡಿ ತೇವ ಎಳೆದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಸರ್ಟಿಫಿಕೇಟಿನ ಬೆಲೆ ಒಣ ತೂಕದ್ದು, ಆದ್ದರಿಂದ ಅದರಲ್ಲಿ ಹೇಳಿದ ಕ್ರಮದಂತೆ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಿ.

ಪ್ರಮಾಣಕ ಸರಿ, ನಮ್ಮ ಮಣ್ಣು ಮಾತ್ರ ಲ್ಯಾಬಿಗೆ ಹೊಂದುವುದಿಲ್ಲ

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಕಾಡುವ ದೋಷ ಇದೇ. ಸರ್ಟಿಫಿಕೇಟ್ ಪ್ರಮಾಣಕ ಸರಿಯಾಗಿ ಬಂದಿರುವುದರಿಂದ ಯಾರೂ ಯಂತ್ರವನ್ನು ಶಂಕಿಸುವುದಿಲ್ಲ.

ಮೊದಲು ಯಾವುದನ್ನು ಯಾವುದರೊಂದಿಗೆ ಹೋಲಿಸುತ್ತಿದ್ದೇವೆ ಎಂದು ನೋಡಬೇಕು. ರೈತರ ಕೈಯಲ್ಲಿರುವ ಮಣ್ಣು ಪರೀಕ್ಷೆಯ ವರದಿಯಲ್ಲಿ ತಾಮ್ರ ಎಂದು ಬರೆದಿರುವುದು ಸಾಮಾನ್ಯವಾಗಿ ಡಿಟಿಪಿಎ ದ್ರಾವಣ ಎಳೆದುಕೊಂಡ, ಗಿಡಕ್ಕೆ ಸಿಗಬಹುದಾದ ಭಾಗ. ಎಕ್ಸ್‌ಆರ್‌ಎಫ್ ನೋಡುವುದು ಮಣ್ಣಿನಲ್ಲಿರುವ ಒಟ್ಟು ತಾಮ್ರವನ್ನು. ಎರಡರ ನಡುವೆ ಹಲವು ಪಟ್ಟು ಅಂತರವಿದ್ದರೂ ಎರಡೂ ಸರಿಯೇ. ಆಕ್ವಾ ರೀಜಿಯಾ ಆಮ್ಲದಲ್ಲಿ ಕರಗಿಸಿದ ಲ್ಯಾಬಿನ ಬೆಲೆ ಒಟ್ಟು ತಾಮ್ರಕ್ಕೆ ಹತ್ತಿರ ಬರುತ್ತದೆ, ಆದರೆ ಕ್ರೋಮಿಯಂ, ಟೈಟಾನಿಯಂಗಳಲ್ಲಿ ಅದು ಬಹಳ ಹಿಂದೆ ಉಳಿಯುತ್ತದೆ. ಹೋಲಿಕೆಗೆ ಬೇಕಾದುದು ಹೈಡ್ರೋಫ್ಲೋರಿಕ್ ಆಮ್ಲವೂ ಸೇರಿದ ಪೂರ್ಣ ಕರಗಿಸುವಿಕೆ. ಅದು ಬಲು ಅಪಾಯದ ಆಮ್ಲವಾದ್ದರಿಂದ ಅನುಭವಿ ಲ್ಯಾಬಿನಲ್ಲಿ ಮಾತ್ರ ಮಾಡಿಸಬೇಕು.

ಎಂಡೋಸಲ್ಫಾನ್ ಕೀಟನಾಶಕ ಇದೆಯೇ ಎಂದು ಇದರಲ್ಲೇ ನೋಡಿ ಹೇಳುವಿರಾ ಎಂದು ಎಣ್ಮಕಜೆಯಂತಹ ಊರುಗಳಲ್ಲಿ ಹಿರಿಯರು ಕೇಳುತ್ತಾರೆ. ಅವರು ಕಂಡ ನೋವಿನ ಮುಂದೆ ಆ ಪ್ರಶ್ನೆ ತೀರ ಸಹಜ. ಈ ಯಂತ್ರ ಧಾತುಗಳನ್ನು ಮಾತ್ರ ಗುರುತಿಸುತ್ತದೆ, ಎಂಡೋಸಲ್ಫಾನ್‌ನಂತಹ ಸಂಯುಕ್ತವನ್ನು ಕಾಣಲಾರದು, ಅದಕ್ಕೆ ಲ್ಯಾಬಿನ ಕ್ರೊಮಾಟೋಗ್ರಫಿ ಬೇಕು ಎಂದು ಅವರಿಗೆ ಸ್ಪಷ್ಟವಾಗಿ ಹೇಳಿಬಿಡಬೇಕು.

ಹೋಲಿಕೆ ಸರಿಯಿದ್ದೂ ಬೆಲೆ ಬೇರೆಯಿದ್ದರೆ ತೇವ ನೋಡಿ. ನೂರು ಗ್ರಾಂ ಹಸಿ ಮಣ್ಣಿನಲ್ಲಿ ಇಪ್ಪತ್ತೈದು ಗ್ರಾಂ ನೀರಿದ್ದರೆ, ತಾಮ್ರದ ಕಾಲು ಭಾಗ ಕಡಿಮೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಒಣಗಿಸಿ, ಬೇರು ಮತ್ತು ಹರಳು ತೆಗೆದು, 250 ಮೈಕ್ರಾನ್ ಜರಡಿಯಲ್ಲಿ ಇಳಿಸಿ ಮತ್ತೆ ಅಳೆಯಿರಿ. ಪಾದರಸ ಅಳೆಯಬೇಕಿದ್ದರೆ ಮಾತ್ರ ಒಣಗಿಸುವ ಮೊದಲೇ ಆ ಪಾಲನ್ನು ಬೇರೆ ತೆಗೆದಿಡಿ, ಬಿಸಿಗೆ ಅದು ಹಾರಿಹೋಗುತ್ತದೆ.

ಇಷ್ಟರ ಮೇಲೂ ಅಂತರ ಉಳಿದರೆ ಅದು ಕಬ್ಬಿಣದ ಕೆಲಸ. ಸ್ಕಾಟ್ಲೆಂಡಿನ ವೈದ್ಯ, ಪ್ರವಾಸಿ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಸಿದ, ನಾವು ಮುರಕಲ್ಲು ಎಂದು ಕರೆಯುವ ಕಲ್ಲು ಸವೆದು ಆದ ಮಣ್ಣು ನಮ್ಮದು, ಅದರಲ್ಲಿ ಕಬ್ಬಿಣ ಶೇ. 10 ದಾಟುವುದು ಅಪರೂಪವಲ್ಲ. 2711ಎಯಲ್ಲಿ ಕಬ್ಬಿಣ ಶೇ. 2.82 ಮಾತ್ರ. ತಾಮ್ರದ ಕಿರಣದ ಶಕ್ತಿ 8.05 ಕೆಇವಿ. ಕಬ್ಬಿಣ 7.11 ಕೆಇವಿಗಿಂತ ತುಸು ಮೇಲಿನ ಕಿರಣಗಳನ್ನು ಆಸೆಬುರುಕನಂತೆ ಹೀರಿಕೊಳ್ಳುತ್ತದೆ. ಹೀಗಾಗಿ ಕಬ್ಬಿಣ ಹೆಚ್ಚಿದ್ದಷ್ಟೂ ತಾಮ್ರದ ಕಿರಣ ಮಣ್ಣಿನೊಳಗೇ ಕುಗ್ಗುತ್ತದೆ. ಕ್ರೋಮಿಯಂನದು ಇದಕ್ಕೆ ತಿರುಗಾಮುರುಗಾ: ಕಬ್ಬಿಣದ ಕಿರಣವೇ ಅದನ್ನು ಪ್ರಚೋದಿಸುವುದರಿಂದ ಅದು ಹೆಚ್ಚಾಗಿ ಕಾಣುತ್ತದೆ. ಯಂತ್ರದ ಲೆಕ್ಕಾಚಾರ ಇದನ್ನು ಸರಿದೂಗಿಸಲು ಯತ್ನಿಸುತ್ತದೆ, ಆದರೆ ಶೇ. 3ರ ಕಬ್ಬಿಣದಲ್ಲಿ ಸರಿಯಾಗಿ ಬಂದ ಲೆಕ್ಕ ಶೇ. 15ರಲ್ಲಿಯೂ ಸರಿಯೇ ಎಂಬುದಕ್ಕೆ 2711ಎ ಸಾಕ್ಷಿ ಹೇಳಲಾರದು. ಅದಕ್ಕೇ ಮನೆ ಪ್ರಮಾಣಕ ಬೇಕು ಎಂದದ್ದು.

ಮಾಡುವ ಕ್ರಮ ಕಷ್ಟದ್ದಲ್ಲ, ತಾಳ್ಮೆ ಬೇಡುವಂಥದ್ದು. ಎಂದೂ ಮದ್ದು ಬೀಳದ ಗುಡ್ಡೆಯಿಂದ, ಸ್ವಲ್ಪ ಕಾಲದಿಂದ ಮದ್ದು ಬಿಡುತ್ತಿರುವ ತೋಟದಿಂದ, ಹಳೆಯ ತೋಟದಿಂದ ಒಂದೆರಡು ಕಿಲೋ ಮಣ್ಣು ತನ್ನಿ. ಮೂರನ್ನೂ ಬೇರೆ ಬೇರೆಯಾಗಿಯೇ ಒಣಗಿಸಿ, 250 ಮೈಕ್ರಾನ್‌ಗೆ ಇಳಿಸಿ, ರಾಶಿ ಹಾಕಿ ನಾಲ್ಕು ಪಾಲು ಮಾಡಿ ಕಲಸುವುದನ್ನು ಹಲವು ಸುತ್ತು ಮಾಡಿ. ಮಣ್ಣಿಗೆ ಮೈಲುತುತ್ತಿನ ನೀರು ಸೇರಿಸಿ ಬೆಲೆ ಏರಿಸುವ ಅಡ್ಡದಾರಿ ಬೇಡ, ತಾಮ್ರ ಸಮನಾಗಿ ಹರಡುವುದಿಲ್ಲ. ಪ್ರತಿಯೊಂದರಿಂದಲೂ ಹತ್ತು ಕಪ್ ತುಂಬಿ ಅಳೆಯಿರಿ. ಕಪ್‌ನಿಂದ ಕಪ್‌ಗೆ ಇರುವ ಹರವು ಒಂದೇ ಕಪ್ಪನ್ನು ಹತ್ತು ಸಲ ಅಳೆದಾಗಿನ ಹರವಿಗಿಂತ ದೊಡ್ಡದಿದ್ದರೆ ಇನ್ನೂ ಕಲಸಬೇಕು. ಆಮೇಲೆ ಪ್ರತಿಯೊಂದರ ಮೂರು ಪಾಲುಗಳನ್ನು ಪೂರ್ಣ ಕರಗಿಸುವ ಲ್ಯಾಬಿಗೆ, ಗುರುತು ಮುಚ್ಚಿದ 2711ಎಯ ಒಂದು ಪಾಲಿನೊಡನೆ ಕಳುಹಿಸಿ. ಲ್ಯಾಬ್ 2711ಎಯನ್ನು ಸರಿಯಾಗಿ ಹೇಳಿದರೆ ಉಳಿದದ್ದನ್ನೂ ನಂಬಬಹುದು.

ಬಂದ ಬೆಲೆಗಳನ್ನು ಅಡ್ಡಗೆರೆಗೂ ಯಂತ್ರದ ರೀಡಿಂಗ್‌ಗಳನ್ನು ನಿಲುಗೆರೆಗೂ ಹಾಕಿ. ಬಿಂದುಗಳು ಮೂಲದ ಮೂಲಕ ಹೋಗುವ ನೇರ ಗೆರೆಯಲ್ಲಿದ್ದು ಅದರ ಓಟ (ಏರಿಕೆಯ ದರ) ಒಂದಕ್ಕಿಂತ ಕಡಿಮೆಯಿದ್ದರೆ ಅದು ಕಬ್ಬಿಣದ ಹೀರುವಿಕೆ, ಗುಣಕದಿಂದ ಸರಿಪಡಿಸಬಹುದು. ಎಲ್ಲ ಬಿಂದುಗಳೂ ಒಂದೇ ಮೊತ್ತದಷ್ಟು ಮೇಲಿದ್ದರೆ ಮಾಲಿನ್ಯ ಅಥವಾ ಹಿನ್ನೆಲೆಯ ದೋಷ. ಅದನ್ನು ಗುಣಕ ಮುಚ್ಚಬಾರದು, ಖಾಲಿ ಮಾದರಿಯ ಭಾಗಕ್ಕೆ ಹಿಂದಿರುಗಿ. ಒಂದೇ ಪ್ರಮಾಣಕವಿಟ್ಟುಕೊಂಡು ಈ ಎರಡನ್ನು ಬೇರ್ಪಡಿಸಲು ಸಾಧ್ಯವಿಲ್ಲ.

ಒಂದೇ ಒಂದು ಧಾತು ಹಟ ಹಿಡಿದಿದೆ

ಅಕ್ಕಪಕ್ಕದ ಶಿಖರಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಆರ್ಸೆನಿಕ್ 10.54, ಸೀಸ 10.55 ಕೆಇವಿ. ಸೀಸ ಆರ್ಸೆನಿಕ್‌ನ ಹತ್ತು ಪಟ್ಟು ಮೀರಿದರೆ ಆರ್ಸೆನಿಕ್ ಸಂಖ್ಯೆಯನ್ನು ಬರೆದುಕೊಳ್ಳದಿರುವುದೇ ಒಳ್ಳೆಯದು. ಕೆಂಪು ಮಣ್ಣಿನಲ್ಲಿ ಕೋಬಾಲ್ಟ್ ಧಾರಾಳವಾಗಿ ಕಂಡರೆ ಸಂತೋಷಪಡಬೇಡಿ, ಅದು ಬಹುಪಾಲು ಕಬ್ಬಿಣದ 7.06ರ ಶಿಖರದ ನೆರಳು. ಟೈಟಾನಿಯಂ ಹೆಚ್ಚಿರುವಲ್ಲಿ ವೆನೇಡಿಯಂನದೂ ಇದೇ ಕಥೆ.

ಯಾವಾಗ ನಿಲ್ಲಿಸಬೇಕು

ಯಂತ್ರ ಕೈಜಾರಿ ಬಿದ್ದಿದ್ದರೆ, ಕಿರಣ ಹೊರಡುವಾಗ ಉರಿಯಬೇಕಾದ ದೀಪ ಉರಿಯದಿದ್ದರೆ, ಟ್ರಿಗರ್ ಬಿಟ್ಟ ಮೇಲೂ ದೀಪ ಆರದಿದ್ದರೆ, ಬ್ಯಾಟರಿ ಉಬ್ಬಿದ್ದರೆ ರೀಡಿಂಗ್ ಎಷ್ಟು ಚೆನ್ನಾಗಿ ಬಂದರೂ ಮುಂದುವರಿಯಬಾರದು. ಬ್ಯಾಟರಿ ಕಳಚಿ, ವಿಕಿರಣ ಸುರಕ್ಷತೆಯ ಜವಾಬ್ದಾರಿ ಹೊತ್ತವರಿಗೆ ತಿಳಿಸಿ. ಬಿಸಿಯಾಗಲು ಬಿಟ್ಟ ಮೇಲೂ ಶಕ್ತಿಯ ಪರೀಕ್ಷೆ ಎರಡು ಸಲ ಸೋತರೆ, ಅಥವಾ ಶುಚಿಯಾದ ಕಿಟಕಿ ಮತ್ತು ಹೊಸ ಫಿಲ್ಮಿನಲ್ಲಿ ಎರಡು ಬೇರೆ ಪ್ರಮಾಣಕಗಳೂ ಒಂದೇ ದಿಕ್ಕಿಗೆ ತಪ್ಪಿದರೆ, ಕ್ಷ-ಕಿರಣದ ಕೊಳವೆ ಅಥವಾ ಡಿಟೆಕ್ಟರ್ ತಯಾರಕರ ಕೈಗೆ ಹೋಗಬೇಕು. ತಿರುಪು ಬಿಚ್ಚಿ ಒಳಗೆ ನೋಡುವ ಕೆಲಸ ನಮ್ಮದಲ್ಲ. ಕಳುಹಿಸುವಾಗ ಗ್ರಾಫ್ ಕಾಗದ, ಸ್ಪೆಕ್ಟ್ರಮ್ ಫೈಲುಗಳು ಮತ್ತು ಪ್ರಮಾಣಕದ ರೀಡಿಂಗ್‌ಗಳನ್ನು ಜೊತೆಗೆ ಕೊಟ್ಟರೆ ಅವರ ಹುಡುಕಾಟ ಬೇಗ ಮುಗಿಯುತ್ತದೆ.

ಅಷ್ಟರಲ್ಲಿ ಅಳೆದಿಟ್ಟ ಮಾದರಿಗಳ ಗತಿ ಏನು? ಇಪ್ಪತ್ತು ಮಾದರಿಗಳಿಗೊಮ್ಮೆ ಪ್ರಮಾಣಕವನ್ನೂ ಖಾಲಿ ಮಾದರಿಯನ್ನೂ ಅಳೆಯುತ್ತಿದ್ದರೆ ಪ್ರಮಾಣಕ ಕೊನೆಯ ಸಲ ಸರಿ ಬಂದ ನಂತರದ ಮಾದರಿಗಳನ್ನಷ್ಟೇ ಮತ್ತೆ ಅಳೆದರೆ ಸಾಕು. ಬೆಳಿಗ್ಗೆ ಒಂದೇ ಸಲ ಅಳೆದು ಸಂಜೆಯ ತನಕ ಪ್ರಮಾಣಕ ಮುಟ್ಟದೆ ಇದ್ದವರು ಆ ದಿನದ ಎಲ್ಲ ಚೀಲಗಳನ್ನೂ ಮತ್ತೆ ಬಿಚ್ಚಬೇಕಾಗುತ್ತದೆ. ಆದ್ದರಿಂದ ಅಳೆದ ಮಣ್ಣನ್ನು ವರದಿ ಮುಗಿಯುವ ತನಕ ಚೆಲ್ಲಬೇಡಿ, ಚೀಲದ ಒಳಗೊಂದು ಹೊರಗೊಂದು ಚೀಟಿ ಹಾಕಿ, ಪೆನ್ಸಿಲಿನಿಂದಲೇ ಬರೆಯಿರಿ. ನಮ್ಮ ಮಳೆಗೆ ಶಾಯಿ ನಿಲ್ಲುವುದಿಲ್ಲ.